ಮೋಟರ್ ಓಡ್ತಿದೆ, ನೀರು ಬರ್ತಿಲ್ಲ: ಓದಿಯೂ ಅಂಕ ಬಾರದ ಮಗುವಿನಲ್ಲಿ ದೋಷ ಹುಡುಕುವ ಕ್ರಮ

ಬೋರ್‌ವೆಲ್ಲಿನಲ್ಲಿ ನೀರು ಬಾರದಿದ್ದರೆ ಅನುಭವಸ್ಥ ಮೆಕ್ಯಾನಿಕ್ ಬಂದ ಕೂಡಲೇ ಮೋಟರ್ ಎತ್ತಿಸುವುದಿಲ್ಲ. ಮೂರು ಫೇಸೂ ಬರುತ್ತಿದೆಯಾ ನೋಡುತ್ತಾನೆ, ಫ್ಯೂಸ್ ನೋಡುತ್ತಾನೆ, ಸ್ಟಾರ್ಟರ್ ಡಬ್ಬಿ ತೆಗೆದು ಹಲ್ಲಿ ಸಿಕ್ಕಿ ಸತ್ತಿದೆಯಾ ಅಂತಲೂ ನೋಡುತ್ತಾನೆ. ಪೈಪು ಬಿಚ್ಚುವ ಮಾತು ಕೊನೆಗೆ. ಮಗುವಿಗೆ ಅಂಕ ಬಾರದಿದ್ದಾಗ ಮಾತ್ರ ನಾವೆಲ್ಲ ನೇರ ಪೈಪಿಗೇ ಕೈ ಹಾಕುತ್ತೇವೆ. ಇನ್ನೊಂದು ಟ್ಯೂಷನ್, ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವುದು, ಆಟ ಬಂದ್, ಕೊನೆಗೆ ಹಾಸ್ಟೆಲ್ಲು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತ ನಾನೂ ಬಹಳ ವರ್ಷ ಇದನ್ನೇ ಮಾಡಿದವನು.

ಕಲಿಕೆ ಸೋರುವುದು ಮೂರು ಕಡೆ. ಒಳಗೆ ಹೋಗುತ್ತಿಲ್ಲ, ಅಥವಾ ಹೋದದ್ದು ನಿಲ್ಲುತ್ತಿಲ್ಲ, ಅಥವಾ ನಿಂತದ್ದು ಬೇಕಾದ ಹೊತ್ತಿಗೆ ಹೊರಗೆ ಬರುತ್ತಿಲ್ಲ. ಒಂದರ ಮದ್ದು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಕೆಡುತ್ತದೆ: ಪರೀಕ್ಷೆಗೆ ಹೆದರುವ ಹುಡುಗಿಗೆ ವಾರಕ್ಕೆರಡು ಟೆಸ್ಟ್ ಇಟ್ಟು ಬೈದರೆ ಭಯ ಹೆಚ್ಚಾಗುತ್ತದೆಯೇ ಹೊರತು ಅಂಕವಲ್ಲ. 'ಸೋಮಾರಿ', 'ಗಮನ ಇಲ್ಲ' ಎಂಬ ಮಾತುಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಅವು ನಮಗೆ ಕಂಡ ಲಕ್ಷಣ, ದೋಷ ಇನ್ನೂ ಸಿಕ್ಕಿಲ್ಲ.

ಬೇಕಾದ ಸಾಮಾನು ಇಷ್ಟೇ: ನೂರು ಪುಟದ ಒಂದು ನೋಟ್‌ಬುಕ್, ಒಂದು ಗಡಿಯಾರ, ಮಗುವಿನ ಹಳೆಯ ಉತ್ತರ ಪತ್ರಿಕೆಗಳು. ಏನು ನೋಡಿದಿರೋ ಅದನ್ನು ದಿನಾಂಕ ಹಾಕಿ ಬರೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ವಾರ ಕಾಯಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ನಿಮಗೇ ತಿಳಿಯದು.

ಎಚ್ಚರಿಕೆ: ಮಗು ಸಾಯುವ ಮಾತಾಡುತ್ತಿದ್ದರೆ, ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ, ಇದ್ಯಾವುದನ್ನೂ ಓದುತ್ತ ಕೂರಬೇಡಿ. ನೇರ ಕೊನೆಯ ಭಾಗಕ್ಕೆ ಹೋಗಿ.

"ಬೋರ್ಡಿಂದ ಇಳಿಸ್ಕೊಳೋದ್ರಲ್ಲೇ ತಪ್ಪು, ಮಧ್ಯಾಹ್ನ ಆದ್ರೆ ತೂಕಡಿಕೆ"

ಮನಸ್ಸಿಗೆ ಹೋಗುವ ಮುಂಚೆ ದೇಹ. ನನ್ನ ತರಗತಿಯಲ್ಲಿ ಎತ್ತರದವರನ್ನು ಹಿಂದೆ ಕೂರಿಸುವ ಪದ್ಧತಿ ಇತ್ತು. ಕೊನೇ ಬೆಂಚಿನ ಒಬ್ಬ ಹುಡುಗನ ಲೆಕ್ಕಗಳ ಮೇಲೆ ಆರು ತಿಂಗಳು 'ಅಜಾಗರೂಕತೆ' ಎಂದು ಕೆಂಪು ಶಾಯಿಯಲ್ಲಿ ಬರೆದೆ. ಒಂದು ದಿನ ಸಾವಧಾನವಾಗಿ ನೋಡಿದರೆ ಅವನ ವಿಧಾನ ಪೂರ್ತಿ ಸರಿ. ಬೋರ್ಡಿನ 6 ಅವನ ಪುಸ್ತಕದಲ್ಲಿ 8 ಆಗಿತ್ತು. ಅಜಾಗರೂಕ ಯಾರು ಅಂತ ಆಮೇಲೆ ಗೊತ್ತಾಯಿತು.

ಆದ್ದರಿಂದ ಮೊದಲನೇ ಪರೀಕ್ಷೆ, ಖರ್ಚಿಲ್ಲದ್ದು: ಕೊನೇ ಬೆಂಚಿನಿಂದ ಬೋರ್ಡಿನ ಒಂದು ಸಾಲು ಓದಿಸಿ, ಒಂದೊಂದೇ ಕಣ್ಣು ಮುಚ್ಚಿಸಿ. ವಿಧಾನ ಸರಿ, ಸಂಖ್ಯೆ ತಪ್ಪು ಎಂಬ ಉತ್ತರಗಳು ಹೆಚ್ಚಿದ್ದರೆ ಕಣ್ಣಿನ ವೈದ್ಯರ ಬಳಿ ಹೋಗಿ. ಎರಡನೆಯದು ಕಿವಿ: ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯಿರಿ. ಪದೇಪದೇ ನೆಗಡಿ, ಕಿವಿ ಸೋರುವುದು ಇರುವ ಮಕ್ಕಳು, ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಹೇಳಿದ್ದನ್ನು ಕಳೆದುಕೊಳ್ಳುತ್ತಾರೆ. ಮುಖ ನೋಡಿ ಹೇಳಿದರೆ ಮಾತ್ರ ಸರಿಯಾಗಿ ಉತ್ತರಿಸುವ ಮಗುವಿನ ಕಿವಿ ತೋರಿಸಲೇಬೇಕು.

ಮೂರನೆಯದು ನಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಎನ್ನುವುದು ನಿದ್ರಾತಜ್ಞರ ಶಿಫಾರಸು. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಏಳುವ ಮಗು ಕಲಿತದ್ದನ್ನು ಗಟ್ಟಿ ಮಾಡಿಕೊಳ್ಳುವ ಸಮಯವನ್ನೇ ಕಳೆದುಕೊಳ್ಳುತ್ತದೆ, ಏಕೆಂದರೆ ಆ ಕೆಲಸದ ದೊಡ್ಡ ಪಾಲು ನಡೆಯುವುದು ನಿದ್ದೆಯಲ್ಲಿ. ನಾಲ್ಕನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15–19 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಕಂಡಿತ್ತು. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಿಚಿದ ಒಳರೆಪ್ಪೆ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹುಡುಗಿಯರು ಕಿಟಕಿಯಾಚೆ ಎಸೆಯುವುದು ಹೊಟ್ಟೆ ತೊಳಸುತ್ತದೆ ಅಂತ. ಖಾಲಿ ಹೊಟ್ಟೆಯಲ್ಲಿ ಬೇಡ, ಬಿಸಿಯೂಟದ ನಂತರ ನುಂಗಲಿ.

ಇಲ್ಲಿಗೇ ಸರಿಹೋದರೆ ಇಲ್ಲಿಗೇ ನಿಲ್ಲಿಸಿ. ಕನ್ನಡಕ ಬೇಕಾದ ಮಗುವಿಗೆ ಆತ್ಮವಿಶ್ವಾಸದ ಭಾಷಣ ಬೇಕಿಲ್ಲ.

"ದಿನಾ ಮೂರು ಗಂಟೆ ಓದ್ತಾಳೆ, ಟೆಸ್ಟಲ್ಲಿ ಇಪ್ಪತ್ತೈದಕ್ಕೆ ಎಂಟು"

ಪಾಲಕರ ಸಭೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ದೂರು ಇದು. ಅಮ್ಮಂದಿರು ಸುಳ್ಳು ಹೇಳುತ್ತಿಲ್ಲ. ಮಗು ನಿಜವಾಗಿ ಮೂರು ಗಂಟೆ ಕೂತಿರುತ್ತದೆ.

ಹೀಗೆ ನೋಡಿ. ಒಂದು ಪಾಠ ಓದಿ ಮುಗಿಸಿದ ಕೂಡಲೇ ಪುಸ್ತಕ ಮುಚ್ಚಿಸಿ ಮೂರು ಪ್ರಶ್ನೆ ಕೇಳಿ. ಮೂರು ದಿನ ಬಿಟ್ಟು, ಮುಂಚೆ ಹೇಳದೆ, ಅದೇ ಮೂರು ಪ್ರಶ್ನೆ ಮತ್ತೆ ಕೇಳಿ. ಎರಡು ಸಲವೂ ಬರಲಿಲ್ಲವೆಂದರೆ ವಿಷಯ ಒಳಗೇ ಹೋಗಿಲ್ಲ. ಹಿಂದಿನ ತರಗತಿಯ ಪಾಠ ಬಿಟ್ಟುಹೋಗಿರಬೇಕು ಅಥವಾ ಭಾಷೆ ಅಡ್ಡ ಬರುತ್ತಿರಬೇಕು. ಎರಡೂ ಮುಂದೆ ಬರುತ್ತವೆ. ಎರಡು ಸಲವೂ ಬಂತು, ಶಾಲೆಯ ಟೆಸ್ಟಿನಲ್ಲಿ ಮಾತ್ರ ಬರಲಿಲ್ಲ ಅಂದರೆ ಇದರ ಮುಂದಿನ ಭಾಗ ನೋಡಿ. ಆವತ್ತು ಬಂದು ಮೂರು ದಿನಕ್ಕೆ ಹಾರಿಹೋಗಿದ್ದರೆ, ತಪ್ಪು ಮಗುವಿನದಲ್ಲ, ಓದುವ ಬಗೆಯದು. ನಾನು ಕಂಡಂತೆ ಹೆಚ್ಚಿನವರು ಸಿಕ್ಕುವುದು ಇಲ್ಲೇ.

ಒಂದೇ ಪುಟವನ್ನು ಐದು ಸಲ ಓದಿದರೆ ಅದು ಪರಿಚಯವಾಗುತ್ತದೆ, ಕಲಿತಂತಾಗುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರ ಮುಖ ಚೆನ್ನಾಗಿ ಗೊತ್ತು, ಹೆಸರು ಬಾಯಿಗೆ ಬರುವುದಿಲ್ಲ. ಹಾಗೆಯೇ ಇದು. ಓದುವಾಗ 'ಗೊತ್ತಿದೆ, ಗೊತ್ತಿದೆ' ಅನ್ನಿಸುತ್ತದೆ, ಬಿಳಿ ಹಾಳೆಯ ಮುಂದೆ ಏನೂ ಬಾರದು.

2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಇದನ್ನು ಅಳೆದರು. ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗ ಓದಲು ಕೊಟ್ಟು, ಆಮೇಲೆ ಒಂದು ಸಲ ಅದನ್ನೇ ಮತ್ತೆ ಓದಿಸಿದರು, ಇನ್ನೊಂದು ಸಲ ನೋಡದೆ ನೆನಪಿನಿಂದ ಬರೆಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದ್ದೇ ಮುಂದು. ಒಂದು ವಾರ ಕಳೆದು ಕೇಳಿದರೆ ತಲೆಕೆಳಗು: ನೆನಪಿನಿಂದ ಬರೆದದ್ದರಲ್ಲಿ ಶೇಕಡ 56 ಉಳಿದಿತ್ತು, ಮತ್ತೆ ಓದಿದ್ದರಲ್ಲಿ 42.

ಇದು ನಮಗೆ ಹೊಸದೇನಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೊಂದು ಮಾತೇ ಇದೆ: ಒಪ್ಪಿಸುವುದು. ಮಗ್ಗಿಯನ್ನು ಯಾರೂ ನೋಡಿಕೊಂಡು ಓದಿಸುತ್ತಿರಲಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಅಜ್ಜನ ಮುಂದೆ ನಿಂತು ಒಪ್ಪಿಸಬೇಕಿತ್ತು. ಅರ್ಥ ತಿಳಿಯದೆ ಉರು ಹೊಡೆಸಿದ್ದು ಹಳಬರ ತಪ್ಪು, ಸರಿ. ಆ ಸಿಟ್ಟಿನಲ್ಲಿ ನಾವು ಒಪ್ಪಿಸುವುದನ್ನೂ ಬಿಟ್ಟುಬಿಟ್ಟೆವು.

ರಿಪೇರಿ ಸುಲಭ. ಮೂರು ಗಂಟೆಯಲ್ಲಿ ಒಂದು ಗಂಟೆ ಪುಸ್ತಕ ಮುಚ್ಚಿಟ್ಟು ಬರೆಯಲಿ ಅಥವಾ ಹೇಳಲಿ, ಬಾರದ್ದನ್ನು ತೆರೆದು ನೋಡಲಿ. ಅದೇ ಪಾಠವನ್ನು ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ಇನ್ನೊಮ್ಮೆ. ಕೇಳುವವರಿಗೆ ಪಾಠ ಗೊತ್ತಿರಬೇಕೆಂದಿಲ್ಲ. ಓದು ಬಾರದ ಅಜ್ಜಿ 'ಅದ್ಯಾಕೆ ಹಂಗಾಗುತ್ತೆ ಮಗಾ?' ಎಂದು ಕೇಳುತ್ತ ಕೂತರೂ ಸಾಕು.

ಗಣಿತಕ್ಕೆ ಇನ್ನೊಂದು ಕಿವಿಮಾತು. ಒಂದೇ ಅಭ್ಯಾಸದ ಇಪ್ಪತ್ತು ಲೆಕ್ಕ ಸಾಲಾಗಿ ಮಾಡಿಸುವ ಬದಲು ಮೂರು ನಾಲ್ಕು ಅಧ್ಯಾಯದ್ದನ್ನು ಬೆರೆಸಿ ಕೊಡಿ. 2007ರಲ್ಲಿ ರೋರರ್ ಮತ್ತು ಟೇಲರ್ ಎಂಬ ಸಂಶೋಧಕರು ಘನಾಕೃತಿಗಳ ಗಾತ್ರದ ಲೆಕ್ಕಗಳಲ್ಲಿ ಇದನ್ನು ಪರೀಕ್ಷಿಸಿದಾಗ, ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರಿಗೆ ಶೇಕಡ 89, ಬೆರೆಸಿ ಮಾಡಿದವರಿಗೆ 60 ಬಂತು. ವಾರದ ನಂತರದ ಪರೀಕ್ಷೆಯಲ್ಲಿ ಸಾಲಿನವರಿಗೆ 20, ಬೆರಕೆಯವರಿಗೆ 63. ಯಾಕೆಂದರೆ ಪರೀಕ್ಷೆಯಲ್ಲಿ ಮೊದಲ ಕಷ್ಟ ಲೆಕ್ಕ ಮಾಡುವುದಲ್ಲ, ಇದು ಯಾವ ಲೆಕ್ಕ ಎಂದು ಗುರುತಿಸುವುದು.

ಗಮನಿಸಿ: ಹೀಗೆ ಶುರು ಮಾಡಿದ ಮೊದಲ ವಾರ ಮಗು 'ನಂಗೇನೂ ಬರಲ್ಲ' ಎಂದು ಅಳಬಹುದು. ಮುಂಚೆಯೂ ಬರುತ್ತಿರಲಿಲ್ಲ, ಈಗ ಗೊತ್ತಾಗುತ್ತಿದೆ, ಅಷ್ಟೆ. ಅಲ್ಲಿ ಕೈಬಿಡಬೇಡಿ.

"ಮನೇಲಿ ಎಲ್ಲಾ ಬರುತ್ತೆ, ಹಾಲಲ್ಲಿ ಕೂತ್ರೆ ಬ್ಲಾಂಕ್"

ಹಳೆಯ ಪ್ರಶ್ನೆಪತ್ರಿಕೆ ಎರಡು ತೆಗೆದುಕೊಳ್ಳಿ. ಒಂದನ್ನು ಗಡಿಯಾರವಿಲ್ಲದೆ ಬರೆಸಿ, ಇನ್ನೊಂದನ್ನು ಸಮಯ ಇಟ್ಟು, ಯಾರಾದರೂ ಓಡಾಡುತ್ತಿರುವಾಗ ಬರೆಸಿ. ಎರಡರಲ್ಲೂ ಕಮ್ಮಿ ಬಂದರೆ ಇದು ಭಯವಲ್ಲ, ಹಿಂದಿನ ಭಾಗಕ್ಕೆ ವಾಪಸ್ ಹೋಗಿ. ಎರಡನೆಯದರಲ್ಲಿ ಮಾತ್ರ ಕುಸಿದರೆ ಭಯವೇ. ಹಳೆಯ ಉತ್ತರ ಪತ್ರಿಕೆಯೂ ಸಾಕ್ಷಿ ಹೇಳುತ್ತದೆ. ನಾನು ತಿದ್ದಿದ ಅನುಭವದಲ್ಲಿ ಭಯದ ತಪ್ಪುಗಳು ಮೊದಲ ಪುಟಗಳಲ್ಲಿ ಗುಂಪಾಗಿರುತ್ತವೆ, ಸಮಯ ಸಾಲದ ತಪ್ಪುಗಳು ಕೊನೆಯಲ್ಲಿ, ಬಾರದ ತಪ್ಪುಗಳು ಒಂದೇ ಅಧ್ಯಾಯದಲ್ಲಿ.

ಭಯ ಮಾಡುವ ಹಾನಿ ಇಷ್ಟು: 47ನ್ನು 6ರಿಂದ ಬಾಯಲ್ಲೇ ಗುಣಿಸುವಾಗ ದಶಕವನ್ನು ಎಲ್ಲೋ ಹಿಡಿದಿಟ್ಟುಕೊಳ್ಳಬೇಕಲ್ಲ, ಮನಸ್ಸಿನಲ್ಲಿ ಆ ಜಾಗ ಬಹಳ ಚಿಕ್ಕದು. 'ಫೇಲಾದ್ರೆ ಅಪ್ಪ ಏನಂತಾರೆ' ಎಂಬ ಚಿಂತೆಯೂ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಕಲಿತದ್ದು ಎಲ್ಲೂ ಹೋಗಿಲ್ಲ, ಅದನ್ನು ತೆಗೆದು ಹರಡಿಕೊಳ್ಳಲು ಜಾಗವಿಲ್ಲ.

ಗಡಿಯಾರ ಇಟ್ಟು ಬರೆಯುವುದನ್ನು ಪರೀಕ್ಷೆಗೆ ಎರಡು ತಿಂಗಳ ಮುಂಚೆಯೇ ಅಭ್ಯಾಸ ಮಾಡಿಸಿ, ಅಂಕ ಹಾಕಬೇಡಿ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಲು ಕೊಡುವ 15 ನಿಮಿಷದಲ್ಲಿ ಖಂಡಿತ ಬರುವ ಮೂರು ಪ್ರಶ್ನೆ ಗುರುತಿಸಿಕೊಂಡು ಅವನ್ನೇ ಮೊದಲು ಬರೆಯಲಿ. ಪರೀಕ್ಷೆಗೆ ಮುನ್ನ ಹತ್ತು ನಿಮಿಷ ತನ್ನ ಭಯವನ್ನೇ ಹಾಳೆಯಲ್ಲಿ ಬರೆದರೆ ಅಂಕ ಏರುತ್ತದೆ ಎಂದು 2011ರಲ್ಲಿ ಅಮೆರಿಕದಿಂದ ಒಂದು ಅಧ್ಯಯನ ಬಂದಿತ್ತು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಒಂದು ಹಾಳೆಯ ಖರ್ಚು, ಬೇಕಿದ್ದರೆ ಮಾಡಿ, ನಂಬಿ ಕೂರಬೇಡಿ. ಅದಕ್ಕಿಂತ ದೊಡ್ಡ ಉಪಕಾರವೆಂದರೆ ಹಿಂದಿನ ರಾತ್ರಿ ಫೋನ್ ಮಾಡಿ 'ಎಷ್ಟು ಪರ್ಸೆಂಟ್ ನಿರೀಕ್ಷೆ?' ಎಂದು ಕೇಳುವ ನೆಂಟರ ಕರೆ ತೆಗೆಯದಿರುವುದು.

ಪರೀಕ್ಷೆಯ ದಿನ ವಾಂತಿ, ತಲೆಸುತ್ತಿ ಬೀಳುವುದು, ಉಸಿರು ಕಟ್ಟಿದಂತಾಗುವುದು, ಶಾಲೆಗೇ ಹೋಗಲ್ಲವೆಂದು ಹಟ ಹಿಡಿಯುವುದು ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

"ನಂಗೆ ಲೆಕ್ಕ ತಲೆಗೆ ಹತ್ತಲ್ಲ ಸಾರ್"

ಈ ಮಾತು ಹೇಳುವ ಮಗುವಿನ ಮುಂದೆ ಲೆಕ್ಕ ಇಟ್ಟು ನೋಡಿ. ಪ್ರಯತ್ನಿಸಿ ತಪ್ಪು ಮಾಡುತ್ತದೆಯೋ, ಪೆನ್ನನ್ನೇ ಎತ್ತುವುದಿಲ್ಲವೋ? ತಪ್ಪು ಮಾಡುತ್ತಿದ್ದರೆ ಒಳ್ಳೆಯ ಸುದ್ದಿ. ಪೆನ್ನೇ ಎತ್ತದಿದ್ದರೆ, ಎಷ್ಟು ಒದ್ದಾಡಿದರೂ ಫಲವಿಲ್ಲ ಎಂಬುದನ್ನು ಅದು ಹಲವು ವರ್ಷಗಳಲ್ಲಿ ಕಲಿತುಬಿಟ್ಟಿದೆ. ಅದೂ ಕಲಿಕೆಯೇ, ಆದ್ದರಿಂದ ಬಿಡಿಸಬಹುದು.

ಭಾಷಣದಿಂದಲ್ಲ. ಕೆಳಗಿನ ಮೆಟ್ಟಿಲಿನಿಂದ. ಹತ್ತನೇ ತರಗತಿಯವನಿಗೆ 1/2 ಮತ್ತು 1/3 ಕೂಡಿಸಲು ಕೊಡಿ. 2/5 ಎಂದು ಬರೆದರೆ ಬೀಜಗಣಿತ ಆಮೇಲೆ, ದೋಷ ಐದನೇ ತರಗತಿಯ ಭಿನ್ನರಾಶಿಯಲ್ಲಿದೆ. ಅಲ್ಲಿಂದ ಶುರು ಮಾಡಿ, ಹತ್ತರಲ್ಲಿ ಎಂಟು ಸರಿ ಬರುವಂಥ ಲೆಕ್ಕಗಳನ್ನು ಕೊಡುತ್ತ ಬನ್ನಿ. ನನ್ನಿಂದಾಗುತ್ತದೆ ಎಂಬ ನಂಬಿಕೆಯ ಮೂಲಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ತಾನೇ ಗೆದ್ದ ಅನುಭವ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಹೇಳಿದ್ದು 1977ರಲ್ಲಿ. ಪಕ್ಕದ ಮನೆಯವನ ಗೆಲುವು ನೋಡಿದ್ದಕ್ಕೆ ಅಷ್ಟು ಬಲವಿಲ್ಲ.

ಹೊಗಳುವಾಗಲೂ ಜೋಪಾನ. 'ಜಾಣ' ಎನ್ನಿಸಿಕೊಂಡ ಮಕ್ಕಳು ಮುಂದಿನ ಸೋಲಿನಲ್ಲಿ ಬೇಗ ಕುಗ್ಗುತ್ತಾರೆ, 'ಬಿಡದೆ ಮಾಡಿದೆ' ಎನ್ನಿಸಿಕೊಂಡವರು ಮತ್ತೆ ಕೂರುತ್ತಾರೆ ಎಂದು 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು ತೋರಿಸಿದರು. ಅದರಿಂದ ಹುಟ್ಟಿದ, ಪ್ರಯತ್ನದಿಂದ ಬುದ್ಧಿ ಬೆಳೆಯುತ್ತದೆ ಎನ್ನುವ 'ಬೆಳೆಯುವ ಮನೋಭಾವ'ದ ಪಾಠವನ್ನು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿ ಮಕ್ಕಳ ಮೇಲೆ ಪ್ರಯೋಗಿಸಿ 2019ರಲ್ಲಿ ಪ್ರಕಟಿಸಿದಾಗ, ಹಿಂದುಳಿದವರಿಗೆ ಪ್ರಯೋಜನವಾಗಿತ್ತು, ಆದರೆ ಅಲ್ಪ. ಗೋಡೆಗೆ ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವಂತಿಲ್ಲ.

ಈಗ ಮೇಷ್ಟ್ರುಗಳ ಪರೀಕ್ಷೆ. ಒಂದು ವಾರ, ಯಾರಿಗೆ ಪ್ರಶ್ನೆ ಕೇಳಿದಿರಿ ಎಂದು ಹಾಜರಿ ಪಟ್ಟಿಯ ನಕಲಿನಲ್ಲಿ ಟಿಕ್ ಹಾಕಿ. ನಾನು ಹಾಕಿದಾಗ ಹನ್ನೊಂದು ಮಕ್ಕಳ ಮುಂದೆ ಒಂದೂ ಟಿಕ್ ಇರಲಿಲ್ಲ, ಆ ಹನ್ನೊಂದು ಯಾರ ಮನೆಯ ಮಕ್ಕಳು ಎಂದು ನೋಡಿ ತಲೆ ತಗ್ಗಿಸಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಉತ್ತರ ಪ್ರದೇಶದ ಹಳ್ಳಿ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಆಟ ಆಡಿಸಿದ್ದರು. ಜಾತಿ ಹೇಳದಿದ್ದಾಗ ಮೇಲ್ಜಾತಿ, ಕೆಳಜಾತಿ ಎನಿಸಿಕೊಂಡ ಹುಡುಗರ ನಡುವೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಎಲ್ಲರೆದುರು ಹೆಸರಿನ ಜೊತೆ ಜಾತಿ ಕೂಗಿ ಹೇಳಿದ ಮೇಲೆ ಕೆಳಜಾತಿಯವರದ್ದು ಕುಸಿಯಿತು. ಸ್ಕಾಲರ್‌ಶಿಪ್ ಫಾರಂ ತುಂಬಿಸುವಾಗ ಜಾತಿ ಹೆಸರು ಹಿಡಿದು ಮಕ್ಕಳನ್ನು ಎದ್ದು ನಿಲ್ಲಿಸುವ ಅಭ್ಯಾಸ ನಿಮ್ಮ ಶಾಲೆಯಲ್ಲಿದ್ದರೆ, ನಾಳೆಯೇ ನಿಲ್ಲಿಸಬಹುದಾದ ರಿಪೇರಿ ಅದು.

ಇದೇ ಹಂತದಲ್ಲಿ ಪಾಲಕರ ದುಡ್ಡೂ ಪೋಲಾಗುತ್ತದೆ. ಬೆರಳಚ್ಚು ನೋಡಿ ಮಗುವಿನ ಬುದ್ಧಿಯ ಬಗೆ ಹೇಳುತ್ತೇವೆ ಎನ್ನುವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೇನ್' ತರಬೇತಿ ಮೂಗಿನ ಸಂದಿಯಿಂದ ಇಣುಕುವ ಆಟವೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಬಯಲಿಗೆಳೆದಿದ್ದಾರೆ.

"ಹತ್ತನೇ ಕ್ಲಾಸಲ್ಲಿ ತೊಂಬತ್ತು, ಪಿಯುಸಿಯಲ್ಲಿ ಮೂವತ್ತು"

ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ವಿಭಾಗಕ್ಕೆ ಸೇರಿದವರಿಗೆ ಬರುವ ಕಾಯಿಲೆ. ಗೊತ್ತಿರುವ ಪಾಠದ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಕೇಳಿ. 'ಸಂವೇಗ' ಎಂದರೆ ಪಟಪಟ ಹೇಳುವ ಹುಡುಗಿ 'ಮೊಮೆಂಟಮ್' ಎಂದರೆ ಸುಮ್ಮನಾದರೆ ಬುದ್ಧಿ ಸರಿ ಇದೆ, ಹೆಸರು ಬದಲಾಗಿದೆ. ಪ್ರತಿ ಅಧ್ಯಾಯಕ್ಕೆ ಇಪ್ಪತ್ತು ಮೂವತ್ತು ಪದಗಳ ಜೋಡಿ ಪಟ್ಟಿ ಮಾಡಿಕೊಂಡು, ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಮೊದಲ ಕಿರುಪರೀಕ್ಷೆಯ ಅಂಕ ನೋಡಿ 'ಸೈನ್ಸ್ ನಿನಗಾಗಲ್ಲ, ಆರ್ಟ್ಸ್‌ಗೆ ಹೋಗು' ಎಂದು ಕಾಲೇಜಿನವರು ಹೇಳಿದರೆ ಅರ್ಧ ವರ್ಷವಾದರೂ ಕಾಯಿರಿ.

"ಬಾಯಲ್ಲಿ ಹೇಳ್ತಾನೆ, ಬರೆಯೋಕಾಗಲ್ಲ"

ಮಾತಿನಲ್ಲಿ ಚುರುಕು, ಆದರೆ ಓದುವಾಗ ಸಾಲು ತಪ್ಪುವುದು, ಒತ್ತಕ್ಷರ ಬಿಟ್ಟುಹೋಗುವುದು, ಎಷ್ಟು ತಿದ್ದಿದರೂ ಅದೇ ಕಾಗುಣಿತದ ತಪ್ಪು, ಮೂರನೇ ನಾಲ್ಕನೇ ತರಗತಿ ದಾಟಿದರೂ ಅಕ್ಷರ ಕೂಡಿಸಿ ಕೂಡಿಸಿ ಓದುವುದು. ಇವು ಕಲಿಕಾ ನ್ಯೂನತೆಯ ಲಕ್ಷಣಗಳಿರಬಹುದು. ಎಲ್ಲ ವಿಷಯದಲ್ಲೂ, ಮನೆಯಲ್ಲೂ ಶಾಲೆಯಲ್ಲೂ, ಚಿಕ್ಕಂದಿನಿಂದಲೂ ಕೂತಲ್ಲಿ ಕೂರಲಾಗದಿದ್ದರೆ ಗಮನದ ತೊಂದರೆ ಇರಬಹುದು. ಮೊಬೈಲ್ ಬಂದ ಮೇಲೆ ಶುರುವಾದದ್ದನ್ನು ಇದರ ಜೊತೆ ಸೇರಿಸಬೇಡಿ.

ಇದು ಮನೆಯಲ್ಲಿ ತೀರ್ಮಾನಿಸುವ ವಿಚಾರವಲ್ಲ, ಅಂತರ್ಜಾಲದ ಪ್ರಶ್ನಾವಳಿಯಿಂದಲೂ ಅಲ್ಲ. ಮಕ್ಕಳ ತಜ್ಞರು ಅಥವಾ ಮನೋವಿಜ್ಞಾನಿಗಳು ಕೂತು ಪರೀಕ್ಷಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ವ್ಯವಸ್ಥೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಹಾಲ್ ಟಿಕೆಟ್ ಬರುವ ಹೊತ್ತಿಗೆ ಓಡಾಡಿದರೆ ಆಗದು, ಒಂಬತ್ತನೇ ತರಗತಿಯಲ್ಲೇ ಶುರು ಮಾಡಿ. ನೂರು ಸಲ ಬರೆಸುವ ಶಿಕ್ಷೆ ಈ ಮಗುವಿಗೆ ಮದ್ದಲ್ಲ. ಹೊಡೆಯುವುದಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ಯಾವ ಮಗುವಿಗೂ ನಿಷಿದ್ಧ.

"ಚೆನ್ನಾಗಿ ಓದ್ತಿದ್ದ ಹುಡುಗಿ, ಇದ್ದಕ್ಕಿದ್ದಂಗೆ…"

ಮೆಲ್ಲಗೆ ಇಳಿಯುವ ಅಂಕ ಬೇರೆ, ಒಂದೆರಡು ತಿಂಗಳಲ್ಲಿ ಬಿದ್ದುಹೋಗುವ ಅಂಕ ಬೇರೆ. ಎರಡನೆಯದು ಸಾಮಾನ್ಯವಾಗಿ ಓದಿನ ದೋಷವೇ ಅಲ್ಲ. ಮನೆಯಲ್ಲಿ ಜಗಳ, ಕುಡಿತ, ಸಾಲ, ಸಾವು, ಶಾಲೆಯಲ್ಲಿ ಹೀಯಾಳಿಕೆ, ದಾರಿಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ನೆಂಟರ ಮನೆಯಲ್ಲೇ ಕಿರುಕುಳ. ಅಂಕದ ಮಾತು ಎತ್ತದೆ, ಅಡುಗೆ ಮಾಡುತ್ತಲೋ ದನಕ್ಕೆ ಹುಲ್ಲು ಹಾಕುತ್ತಲೋ ಪಕ್ಕದಲ್ಲಿರುವಾಗ, 'ಇತ್ತೀಚೆಗೆ ಏನೋ ಭಾರ ಇದ್ದಂಗಿದೆ' ಎಂದು ಕೇಳಿ ಸುಮ್ಮನಿರಿ. ಎದುರು ಕೂರಿಸಿಕೊಂಡು ಕೇಳಿದರೆ ಬಾಯಿ ಬಿಡುವವರು ಕಮ್ಮಿ. ಹೇಳಿದರೆ ನಂಬಿ. 'ನೀನೇನು ಮಾಡಿದೆ?' ಎಂದು ತಿರುಗಿ ಕೇಳಬೇಡಿ.

ಇನ್ನು ಮುಂದೆ ನೀವೇ ರಿಪೇರಿ ಮಾಡುವುದನ್ನು ನಿಲ್ಲಿಸಬೇಕಾದ ಗುರುತುಗಳು: ಎರಡು ವಾರ ಮೀರಿದ ಮಂಕು, ಊಟ ನಿದ್ದೆ ಬಿಟ್ಟಿರುವುದು, ಇಷ್ಟದ ಗೆಳತಿಯರನ್ನೂ ದೂರ ಮಾಡುವುದು, ಮೈಮೇಲೆ ಕೊಯ್ದ ಗಾಯ, ತನ್ನ ವಸ್ತುಗಳನ್ನು ಹಂಚಿಬಿಡುವುದು, 'ನಾನಿಲ್ದಿದ್ರೇ ವಾಸಿ' ಎಂಬ ಮಾತು. ಕೊನೆಯ ಮೂರರಲ್ಲಿ ಒಂದು ಕಂಡರೂ ಮಗುವನ್ನು ಒಂಟಿಯಾಗಿ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿ ಇಡಿ, ಆವತ್ತೇ ಆಸ್ಪತ್ರೆಗೆ ಹೋಗಿ. 'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಕಿರುಕುಳದ ವಿಷಯವಾದರೆ ಮಕ್ಕಳ ಸಹಾಯವಾಣಿ 1098.

ಫಲಿತಾಂಶದ ದಿನ ಮನೆಯಲ್ಲಿ ದೊಡ್ಡವರೊಬ್ಬರು ಇರಲೇಬೇಕು. ಎಸ್ಸೆಸ್ಸೆಲ್ಸಿಯನ್ನು ಒಂದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶ ಇದೆ ಎಂಬುದನ್ನು ಫಲಿತಾಂಶ ಬಂದ ಮೇಲಲ್ಲ, ಹಿಂದಿನ ವಾರವೇ ಹೇಳಿಡಿ.

ವೈದ್ಯರ ಬಳಿಗೋ ಆಪ್ತಸಮಾಲೋಚಕರ ಬಳಿಗೋ ಹೋಗುವಾಗ ಆ ನೂರು ಪುಟದ ನೋಟ್‌ಬುಕ್ ಮತ್ತು ಹಳೆಯ ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡು ಹೋಗಿ. 'ಓದಲ್ಲ ಡಾಕ್ಟ್ರೇ' ಎಂಬುದಕ್ಕಿಂತ ಅದರಲ್ಲಿ ಹೆಚ್ಚು ಸಿಗುತ್ತದೆ. ಎಲ್ಲಿಗೆ, ಯಾಕೆ ಹೋಗುತ್ತಿದ್ದೇವೆ ಎಂದು ಮಗುವಿಗೆ ಬಸ್ಸು ಹತ್ತುವ ಮುಂಚೆಯೇ ಹೇಳಿ.